ಹೆಡ್‌ಸೆಟ್ ಒಳಗಿನ ಹಾಲ್ ಯಾಕೆ ಚಿಕ್ಕದಾಗುತ್ತದೆ?

ಕಟ್ಟಡ ವಿನ್ಯಾಸ ಕಲಿಯುವವರಿಗೆ ಪಾಠ ಮಾಡುವುದು ನನ್ನ ಕೆಲಸ. ಈ ವಿದ್ಯೆಯಲ್ಲಿ ಕಣ್ಣಳತೆ ಮುಖ್ಯ. ಹತ್ತು ಅಡಿ ಅಂದರೆ ಎಷ್ಟು ಅನ್ನುವುದು ಟೇಪ್ ಹಿಡಿಯುವ ಮೊದಲೇ ಅಂದಾಜಿಗೆ ಬರಬೇಕು. ಹಾಗಾಗಿ ಕ್ಲಾಸಿಗೆ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಹಾಕಿಕೊಂಡರೆ ಕಂಪ್ಯೂಟರಿನಲ್ಲಿ ಕಟ್ಟಿದ ಜಾಗದೊಳಗೇ ನಿಂತ ಹಾಗೆ ತೋರಿಸುವ ಸಾಧನ) ಬಂದಾಗ ನನಗಿದ್ದ ಕುತೂಹಲ ಒಂದೇ. ಅದರೊಳಗೆ ನೋಡಿದ ಜಾಗದ ಅಳತೆ ಇವರಿಗೆ ಸರಿಯಾಗಿ ಸಿಗುತ್ತದಾ?

ವಿದ್ಯಾರ್ಥಿಗಳು ಅದುವರೆಗೆ ಕಾಲಿಡದ ಒಂದು ಹಾಲನ್ನು ಅಳೆದು, ಅದೇ ಅಳತೆಯಲ್ಲಿ ಕಂಪ್ಯೂಟರಿನಲ್ಲಿ ಕಟ್ಟಿದೆ. ಕೆಲವರನ್ನು ನಿಜವಾದ ಹಾಲಿಗೆ ಕರೆದುಕೊಂಡು ಹೋದೆ, ಉಳಿದವರಿಗೆ ಹೆಡ್‌ಸೆಟ್ ಹಾಕಿದೆ. ಎಷ್ಟು ಅಡಿ ಇದೆ ಅಂತ ಕೇಳಲಿಲ್ಲ. ಬಾಯಲ್ಲಿ ಹೇಳುವ ಅಂಕಿ ಸುಮ್ನೆ ಊಹೆ ಆಗಿಬಿಡುತ್ತದೆ. "ನೆಲದ ಮೇಲಿರುವ ಗುರುತು ನೋಡು, ಕಣ್ಣು ಮುಚ್ಚು, ಅಲ್ಲಿಗೆ ನಡೆ" ಅಂದೆ. ಸಂಶೋಧಕರೂ ಬಳಸುವ ವಿಧಾನ ಇದು. ನಿಜವಾದ ಹಾಲಿನಲ್ಲಿದ್ದವರು ಹೆಚ್ಚುಕಡಿಮೆ ಗುರುತಿನ ಮೇಲೇ ನಿಂತರು. ಹೆಡ್‌ಸೆಟ್ ಹಾಕಿದವರಲ್ಲಿ ಬಹಳ ಜನ ಮೊದಲೇ ನಿಂತುಬಿಟ್ಟರು, "ಇಲ್ಲೇ ಅಲ್ವಾ ಸರ್?" ಅಂತ.

ಅಂದರೆ ಹೆಡ್‌ಸೆಟ್ ಒಳಗೆ ದೂರ ಇರುವುದಕ್ಕಿಂತ ಕಡಿಮೆ ಅನಿಸಿತ್ತು. ಇದಕ್ಕೆ ಕಾರಣ ಒಂದೇ ಅಲ್ಲ. ಎರಡು ಕಣ್ಣಿಗೂ ಸೇರಿ ಅಡ್ಡಕ್ಕೆ ಸುಮಾರು 200 ಡಿಗ್ರಿಯಷ್ಟು ಕಾಣುತ್ತದೆ, ಸಾಮಾನ್ಯ ಹೆಡ್‌ಸೆಟ್‌ನಲ್ಲಿ 100ರ ಆಸುಪಾಸು. ಗೋಡೆ ಎಷ್ಟು ದೂರ ಇದ್ದರೂ ಕಣ್ಣಿನ ಫೋಕಸ್ ಒಂದೇ ದೂರಕ್ಕೆ ನಿಂತಿರುತ್ತದೆ. ತಲೆಯ ಮೇಲೆ ಭಾರ ಬೇರೆ. ಜೊತೆಗೆ, ಬಗ್ಗಿ ನೋಡಿದರೆ ತಮ್ಮ ಕಾಲೇ ಕಾಣುವುದಿಲ್ಲ! ಹೊಸ ಹೆಡ್‌ಸೆಟ್‌ಗಳಲ್ಲಿ ಈ ವ್ಯತ್ಯಾಸ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಾರುವವರು "ಅಲ್ಲೇ ಇದ್ದ ಹಾಗೆ" ಅನ್ನುತ್ತಾರೆ. ಇರಬಹುದು, ಆದರೆ ಅಳತೆ ಹಾಗೆ ಹೇಳುವುದಿಲ್ಲ.

ಅಳತೆಗಿಂತ ಜಾಸ್ತಿ ತೊಂದರೆ ಕೊಟ್ಟಿದ್ದು ದಿಕ್ಕು. ನೋಡಿ ಬಂದ ಮೇಲೆ ನೆನಪಿನಿಂದ ಪ್ಲಾನ್ ಬರೆಯಲು ಹೇಳಿದೆ. ಒಬ್ಬ ಹುಡುಗಿ ಕಿಟಕಿಯ ಸರಳು, ಕಂಬದ ಅಂಚು ಎಲ್ಲ ಚೊಕ್ಕವಾಗಿ ಬರೆದಿದ್ದಳು. ಪಕ್ಕದ ಕೋಣೆಯನ್ನು ಮಾತ್ರ ಎಡಕ್ಕೆ ಬದಲು ಬಲಕ್ಕೆ ಇಟ್ಟಿದ್ದಳು. ಅವಳು ಬಟನ್ ಒತ್ತಿ ಟೆಲಿಪೋರ್ಟ್ ಆಗಿ ಆ ಕೋಣೆಗೆ ಹಾರಿದ್ದಳು. ನಡೆದಿರಲಿಲ್ಲ, ತಿರುಗಿರಲೂ ಇಲ್ಲ. ಮಿದುಳಿನಲ್ಲಿ ನಾವಿರುವ ಜಾಗವನ್ನು ಗುರುತಿಸುವ ಕೋಶಗಳನ್ನು ಕಂಡುಹಿಡಿದ ಜಾನ್ ಓಕೀಫ್, ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರಿಗೆ 2014ರಲ್ಲಿ ನೊಬೆಲ್ ಬಂತು. ಆ ಕೋಶಗಳಿಗೆ ಕಣ್ಣಿನ ಮಾಹಿತಿ ಮಾತ್ರ ಸಾಲದು. ಎಷ್ಟು ನಡೆದೆವು, ಯಾವ ಕಡೆ ತಿರುಗಿದೆವು ಅನ್ನುವ ಲೆಕ್ಕವೂ ಬೇಕು.

ಆಮೇಲೆ ಕೆಲವು ಬದಲಾವಣೆ ಮಾಡಿದೆ. ಖಾಲಿ ಜಾಗ ಸಿಕ್ಕಾಗಲೆಲ್ಲ ಟೆಲಿಪೋರ್ಟ್ ಆಫ್, ನಡೆದೇ ನೋಡಬೇಕು. ಮಾಡೆಲ್ ಒಳಗೆ ಅವರು ದಿನಾ ಕೂರುವ ಸ್ಟೂಲನ್ನು ಅದೇ ಅಳತೆಯಲ್ಲಿ ಇಟ್ಟೆ. ಖಾಲಿ ಹಾಲಿನ ಅಂದಾಜು ಸಿಗದವರಿಗೂ ಸ್ಟೂಲ್ ಕಂಡ ಕೂಡಲೇ ಒಂದು ಹಿಡಿತ ಸಿಕ್ಕಿತು. ಮುಖ್ಯವಾಗಿ, ಕಣ್ಣಿನ ಎತ್ತರವನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಸೆಟ್ ಮಾಡುತ್ತೇನೆ. ಕುಳ್ಳಗಿರುವವರನ್ನು ಆರಡಿ ಆಳಿನ ಎತ್ತರದಲ್ಲಿ ನಿಲ್ಲಿಸಿದರೆ ಟೇಬಲ್ಲು, ಬಾಗಿಲು ಎಲ್ಲ ಗಿಡ್ಡ ಅನಿಸುತ್ತವೆ.

ಇದೇ ಸೆಟ್ಟಿಂಗ್ ನನಗೆ ಒಂದು ಒಳ್ಳೆ ಪಾಠವನ್ನೂ ಕೊಟ್ಟಿತು. ಎತ್ತರವನ್ನು ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಇಳಿಸಿದೆ. ತಾನೇ ವಿನ್ಯಾಸ ಮಾಡಿದ ಕೌಂಟರಿನ ಹಿಂದೆ ಏನಿದೆ ಅಂತ ಒಬ್ಬ ಹುಡುಗನಿಗೆ ಕಾಣಲೇ ಇಲ್ಲ. ಹೆಡ್‌ಸೆಟ್ ತೆಗೆದವನೇ ಕೌಂಟರಿನ ಒಂದು ಭಾಗವನ್ನು ಇಳಿಸಿ ಬರೆದ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ಬೆಳಕು ಹೇಗೆ ಬೀಳುತ್ತದೆ, ಎರಡು ಅಂತಸ್ತಿನ ಎತ್ತರ ಹೇಗನಿಸುತ್ತದೆ ಅಂತ ನೋಡಲು ಈಗಲೂ ಹೆಡ್‌ಸೆಟ್ಟೇ. ಬಾಗಿಲ ಅಗಲ, ಮೆಟ್ಟಿಲು, ಬಚ್ಚಲುಮನೆ ನಿರ್ಧಾರ ಮಾಡುವ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಯ ಗೆರೆ ಎಳೆಸುತ್ತೇನೆ. ಅದರೊಳಗೆ ಬಕೆಟ್ ಹಿಡಿದು ತಿರುಗಿ ನೋಡಬೇಕು, ಗೆರೆ ದಾಟಿದರೆ ಪ್ಲಾನ್ ಮತ್ತೆ ಬರೆಯಬೇಕು.