ಮುರುಗಲು: ಸಿಪ್ಪೆ ಬಿಸಾಡಬೇಡಿ, ಬೀಜವನ್ನೂ ಬಿಸಾಡಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮುರುಗಲು ಹಣ್ಣು (ಕೋಕಂ) ಕೆಂಪೇರುವ ಹೊತ್ತಿಗೆ ಮಳೆಯೂ ಹಣಕುತ್ತದೆ. ವರ್ಷದ ಸಿಪ್ಪೆ ಹಾಳಾಗುವುದು ಆ ಕೆಲವೇ ದಿನಗಳಲ್ಲಿ. ಕರಾವಳಿಯವರು ಪುನರ್ಪುಳಿ ಎನ್ನುವುದೂ ಇದನ್ನೇ. ಉಪ್ಪಾಗೆ ಎಂಬ ಹುಳಿಹಣ್ಣು ಬೇರೆ: ಅದರ ಕಾಯಿಗೆ ಕುಂಬಳದಂತೆ ಗೀರುಗಳಿರುತ್ತವೆ, ಮುರುಗಲು ನುಣುಪಾಗಿ ಗುಂಡಗಿರುತ್ತದೆ.

ಪೂರ್ತಿ ಕಡುಗೆಂಪಾಗಿ, ಒತ್ತಿದರೆ ಸ್ವಲ್ಪ ಮೆತ್ತಗಾಗುವ ಹಣ್ಣನ್ನೇ ಆರಿಸಿ. ಅರೆಹಣ್ಣಿನ ಸಿಪ್ಪೆ ಒಣಗಿದ ಮೇಲೆ ಕಂದಾಗುತ್ತದೆ, ಸಾರಿಗೆ ಬಣ್ಣ ಬಿಡುವುದಿಲ್ಲ. ತೊಳೆದು, ನೀರು ಆರಿದ ಮೇಲೆ ಅಡ್ಡಕ್ಕೆ ಎರಡು ಹೋಳು ಮಾಡಿ, ಬೀಜ ಮತ್ತು ಲೋಳೆಯಂಥ ತಿರುಳನ್ನು ಸ್ಟೀಲ್ ಪಾತ್ರೆಗೆ ತೆಗೆಯಿರಿ. ಅಲ್ಯೂಮಿನಿಯಂ ಬೇಡ, ಈ ಹುಳಿ ಅದನ್ನು ತಿನ್ನುತ್ತದೆ. ಹೋಳುಗಳ ಒಳಮುಖ ಮೇಲೆ ಮಾಡಿ ಬಿಸಿಲಿನಲ್ಲಿ ಒಂದೇ ಪದರವಾಗಿ ಹರಡಿ. ಮರುದಿನ ತಿರುಳಿನ ರಸಕ್ಕೆ ಉಪ್ಪು ಬೆರೆಸಿ (ಕಿಲೋ ಸಿಪ್ಪೆಗೆ ಸುಮಾರು 100 ಗ್ರಾಂ), ಸಿಪ್ಪೆಯನ್ನು ಅದರಲ್ಲಿ ಅದ್ದಿ ಮತ್ತೆ ಒಣಗಿಸಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಸಿಪ್ಪೆ ಕಪ್ಪುಗೆಂಪಾಗಿ ಮಿನುಗುತ್ತದೆ. ಮಡಚಿದಾಗ ಚರ್ಮದಂತೆ ಬಾಗಬೇಕು, ಬೆರಳಿಗೆ ತೇವ ತಾಗಬಾರದು. ಮೋಡ ಕವಿದರೆ ಒಲೆಯ ಮೇಲಿನ ಅಟ್ಟಕ್ಕೋ ಅಡಿಕೆ ಡ್ರೈಯರಿಗೋ ಹಾಕಿ. ಒಂದು ರಾತ್ರಿ ರಾಶಿಯಾಗಿ ಬಿಟ್ಟರೂ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸಬೇಡಿ, ಎಸೆಯಿರಿ.

ಈ ಹಣ್ಣಿನಿಂದ ಹೊಟ್ಟೆ ತುಂಬುವಷ್ಟು ಪೋಷಣೆ ಸಿಗುವುದಿಲ್ಲ. ಇದರ ಬೆಲೆಯಿರುವುದು ಸಿಪ್ಪೆಗೆ ಹುಳಿ ಕೊಡುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ, ಕೆಂಪು ಕೊಡುವ ಆಂಥೋಸಯಾನಿನ್‌ನಲ್ಲಿ ಮತ್ತು ಗಾರ್ಸಿನಾಲ್ ಎಂಬ ಇನ್ನೊಂದು ಅಂಶದಲ್ಲಿ. ಕೊನೆಯ ಎರಡೂ ಉತ್ಕರ್ಷಣ ನಿರೋಧಕಗಳು (ಆಂಟಿಆಕ್ಸಿಡೆಂಟ್). ಆಂಥೋಸಯಾನಿನ್ ಬಿಸಿಗೂ ಬೆಳಕಿಗೂ ಕಂದುತ್ತದೆ, ಆದ್ದರಿಂದ ಸಿಪ್ಪೆಯನ್ನು ತಾಸುಗಟ್ಟಲೆ ಕುದಿಸಬಾರದು.

ಸಾರಿಗೆ ಎಂಟು ಹೋಳನ್ನು ಎರಡು ಲೋಟ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕಿವುಚಿ ಸೋಸಿ. ನಿಂಬೆ ಗಾತ್ರದ ಬೆಲ್ಲ ಹಾಕಿ ಒಂದು ಕುದಿ ಬಂದೊಡನೆ ಇಳಿಸಿ, ತುಪ್ಪದಲ್ಲಿ ಜೀರಿಗೆ, ಒಣಮೆಣಸು, ಕರಿಬೇವು, ಇಂಗಿನ ಒಗ್ಗರಣೆ ಕೊಡಿ. ಸಿಪ್ಪೆಯಲ್ಲೇ ಉಪ್ಪಿದೆ, ರುಚಿ ನೋಡಿ ಹಾಕಿ. ಊಟದ ಕೊನೆಗೆ ಬಿಸಿಬಿಸಿಯಾಗಿ ಕುಡಿಯುವುದು ವಾಡಿಕೆ.

ಶರಬತ್ತಿಗೆ ತಾಜಾ ಸಿಪ್ಪೆ 1 ಕಿಲೋಗೆ ಸಕ್ಕರೆ 2 ಕಿಲೋ. ಭರಣಿಯಲ್ಲಿ ಪದರಪದರವಾಗಿ ತುಂಬಿ, ಬಟ್ಟೆ ಕಟ್ಟಿ ನೆರಳಿನಲ್ಲಿಡಿ, ದಿನಕ್ಕೊಮ್ಮೆ ಒಣ ಸೌಟಿನಲ್ಲಿ ತಿರುವಿ. ವಾರದಲ್ಲಿ ರಸ ಬಿಡುತ್ತದೆ. ಸೋಸಿ ಬಾಟಲಿಗೆ ತುಂಬಿ. ಒಂದು ಪಾಲಿಗೆ ನಾಲ್ಕೈದು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ. ಸಕ್ಕರೆ ಕಡಿಮೆ ಮಾಡಿದರೆ ನೊರೆಯೇಳುತ್ತದೆ, ಹೆಂಡದ ವಾಸನೆ ಬರುತ್ತದೆ.

ಪಿತ್ತಗಂಧೆ ಎದ್ದಾಗ ಸಿಪ್ಪೆ ನೆನೆಸಿದ ನೀರಿಗೆ ಜೀರಿಗೆ, ಸ್ವಲ್ಪ ಬೆಲ್ಲ ಬೆರೆಸಿ ಕುಡಿಸುವ, ಅದೇ ನೀರನ್ನು ಮೈಗೆ ಸವರುವ ರೂಢಿ ಮಲೆನಾಡಿನಲ್ಲಿದೆ. ಆದರೆ ತುಟಿ ಊದಿದರೆ, ಉಸಿರು ಕಟ್ಟಿದರೆ ಸಿಪ್ಪೆ ಹುಡುಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ. ಎದೆಯುರಿ ಇರುವವರಿಗೆ ಹುಳಿಯಿಂದ ಉರಿ ಹೆಚ್ಚಲೂಬಹುದು. ಸಕ್ಕರೆ ಕಾಯಿಲೆಯವರು ಶರಬತ್ತು ಬಿಟ್ಟು ಬೆಲ್ಲವಿಲ್ಲದ ಸಾರನ್ನೇ ಕುಡಿಯಲಿ.

ಇನ್ನು ಬೀಜ. ಅದರ ತೂಕದ ಕಾಲು ಭಾಗದಷ್ಟು ಕೊಬ್ಬೇ. ತಿರುಳು ಹೋಗುವಂತೆ ತೊಳೆದು, ಗರಿಗರಿಯಾಗುವವರೆಗೆ ಒಣಗಿಸಿ, ಸಿಪ್ಪೆ ಸುಲಿದು ಕುಟ್ಟಿ. ನಾಲ್ಕು ಪಟ್ಟು ನೀರಿನಲ್ಲಿ ಸಣ್ಣ ಉರಿಯ ಮೇಲೆ ಒಂದು ತಾಸು ಕುದಿಸಿದರೆ ಕೊಬ್ಬು ತೇಲುತ್ತದೆ. ರಾತ್ರಿ ಬಿಟ್ಟರೆ ಬೆಳಗ್ಗೆ ಬಿಳಿ ಗಟ್ಟಿ ಪದರ. ಅದನ್ನೆತ್ತಿ ಮತ್ತೆ ಕಾಯಿಸಿ, ಚಟಪಟ ಸದ್ದು ನಿಂತ ಮೇಲೆ ಬಟ್ಟೆಯಲ್ಲಿ ಸೋಸಿ. ಸದ್ದು ನಿಲ್ಲುವ ಮೊದಲೇ ಇಳಿಸಿದರೆ ನೀರುಳಿದು ಕಮಟುತ್ತದೆ. ಈ ಮುರುಗಲು ತುಪ್ಪ ಡಬ್ಬಿಯಲ್ಲಿ ಗಟ್ಟಿಯಾಗಿದ್ದರೂ ಅಂಗೈಯಲ್ಲಿ ತಿಕ್ಕಿದರೆ ಮೆಲ್ಲಗೆ ಕರಗುತ್ತದೆ. ಗದ್ದೆಯಿಂದ ಬಂದು ಕಾಲು ತೊಳೆದು, ಚೆನ್ನಾಗಿ ಒರೆಸಿ, ಮಲಗುವಾಗ ಒಡೆದ ಹಿಮ್ಮಡಿಗೆ ಹಚ್ಚಿ. ರಕ್ತ ಒಸರುವ, ಕೀವು ತುಂಬಿದ ಬಿರುಕಿಗೆ ಮಾತ್ರ ಹಚ್ಚಬೇಡಿ.