ಕಾಲಜ್ಞಾನದ ಚಿತ್ರದಲ್ಲಿ ಮಾತು ಯಾರದು?

ಮುಂದೆ ಬರುವ ಕಾಲ ಹೇಗಿರುತ್ತದೆಂದು ನುಡಿಯುವ ಪದ-ವಚನಗಳು, ಅಂದರೆ ಕಾಲಜ್ಞಾನ, ಕುರಿತ ನಮ್ಮ ಸಾಕ್ಷ್ಯಚಿತ್ರದ ಮೊದಲ ಸಂಕಲನ 52 ನಿಮಿಷದ್ದಾಗಿತ್ತು. ಅದನ್ನು ನೋಡುತ್ತಿದ್ದಾಗ ಸಂಕಲನದ ಹೊಣೆ ಹೊತ್ತಿದ್ದ ಹೆಣ್ಣುಮಗಳು ಒಂದು ದೃಶ್ಯದಲ್ಲಿ ತಟ್ಟನೆ ನಿಲ್ಲಿಸಿದರು. ಕಲಿಯುಗದ ಕೊನೆಗೆ ಹೆಣ್ಣು ಹದ್ದು ಮೀರುತ್ತಾಳೆ, ಕೀಳು ಮೇಲಾಗುತ್ತದೆ ಎಂದು ನಿರೂಪಕರು ಓದುತ್ತಿದ್ದರು. ಪರದೆಯ ಮೇಲೆ ಬಸ್ ನಿಲ್ದಾಣದಲ್ಲಿ ಮೊಬೈಲ್ ಹಿಡಿದು ನಗುತ್ತಿದ್ದ ಕಾಲೇಜು ಹುಡುಗಿಯರು.

“ಸರ್, ಪ್ರಳಯದ ಕುರುಹು ಈ ಹುಡುಗಿಯರೇ?” ಎಂದು ಕೇಳಿದರು.

ಆ ಚಿತ್ರಿಕೆಯನ್ನು ಅಲ್ಲಿಗೆ ಹಾಕಿದವನು ನಾನೇ. ಆ ಸಂಜೆಯೇ ತೆಗೆದೆವು. ಆದರೆ ಅಷ್ಟಕ್ಕೇ ಮನಸ್ಸು ತಡೆಯಲಿಲ್ಲ. ರಾತ್ರಿ ಕುಳಿತು ಇಡೀ ಚಿತ್ರದ ಲೆಕ್ಕ ಬರೆದೆ. ಯಾರು ಕಾಣಿಸುತ್ತಾರೆ ಎಂಬುದರ ಲೆಕ್ಕವಲ್ಲ ಅದು. ಜಾತ್ರೆಯ ದೃಶ್ಯಗಳಲ್ಲಿ ಎಲ್ಲರೂ ಕಾಣಿಸುತ್ತಿದ್ದರು. ಯಾರು ಎಷ್ಟು ಹೊತ್ತು ಮಾತನಾಡುತ್ತಾರೆ, ಆಗ ಪರದೆಯ ಕೆಳಗೆ ಏನೆಂದು ಬರೆದಿದ್ದೇವೆ ಎಂದು ನೋಡಿದೆ. ಮಠದವರಿಗೂ ಪ್ರಾಧ್ಯಾಪಕರಿಗೂ ಹೆಸರು, ಹುದ್ದೆ ಎರಡೂ ಇದ್ದವು. ತತ್ವಪದ ಹಾಡಿದ ಹೆಂಗಸರು ಬರೀ ‘ಭಕ್ತರು’. ತಿಂಥಣಿಯಲ್ಲಿ ಮಾತಿಗೆ ಸಿಕ್ಕಿದ್ದ ಹಿರಿಯರು ‘ಮುಸ್ಲಿಂ ಭಕ್ತ’. ಅವರಿಗೂ ಹೆಸರಿರಲಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ತಿಂಥಣಿ ಕೃಷ್ಣೆಯ ದಡದ ಊರು. ಅಲ್ಲಿನ ಸಂತ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಎರಡನೆಯ ಸಲ ಹೋದಾಗ ಅದೇ ಹಿರಿಯರನ್ನು ಹುಡುಕಿಕೊಂಡು ಹೋದೆ. ಅವರು ಹೇಳಿದ ಮಾತು ಇಂದಿಗೂ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ: “ತಮ್ಮಾ, ಅಂದು ಸ್ವಾಮಿಗಳನ್ನು ಕಾಲದ ಬಗ್ಗೆ ಕೇಳಿದೆ. ನನ್ನನ್ನು ನೆರೆಹೊರೆಯವರ ಬಗ್ಗೆ ಮಾತ್ರ ಕೇಳಿದೆ.”

ನಿಜ. ಭಾವೈಕ್ಯದ ಒಂದು ಮಾತು ಅವರ ಬಾಯಿಂದ ಬಂದರೆ ಸಾಕೆಂದು ಹೋಗಿದ್ದೆ. ಈ ಸಲ ಕಾಲದ ಬಗ್ಗೆಯೇ ಕೇಳಿದೆ. ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು, ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತ ಇಸ್ಲಾಮಿನಲ್ಲಿ ಲೋಕದ ಕೊನೆಯ ದಿನವಾದ ಕಯಾಮತ್ ಬಗ್ಗೆಯೂ ತಮ್ಮ ತಾತನಿಂದ ಕೇಳಿದ ಕಾಲಜ್ಞಾನದ ಬಗ್ಗೆಯೂ ಸುಮಾರು 40 ನಿಮಿಷ ಮಾತನಾಡಿದರು. ಎರಡೂ ಅವರಿಗೆ ಒಂದೇ ಮನೆಯ ಮಾತು. ಚಿತ್ರದಲ್ಲಿ ಆರು ನಿಮಿಷ ಉಳಿಸಿಕೊಂಡೆವು. ಈಗ ಪರದೆಯ ಕೆಳಗೆ ಅವರ ಹೆಸರಿದೆ, ಪಕ್ಕದಲ್ಲಿ ‘ರೈತ’ ಎಂದಿದೆ.

ಹೀಗೆ ಮಾತು ಹಂಚಿದ ಮೇಲೆ ಕಾಲಜ್ಞಾನದ ಅರ್ಥವೇ ನನ್ನ ಮುಂದೆ ಬದಲಾಯಿತು. ಭಾಗವತದ ಹನ್ನೆರಡನೆಯ ಸ್ಕಂಧದಲ್ಲಿ, ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಹೇಳುವ ಮಾತಿನಲ್ಲಿ, ವರ್ಣಗಳ ಕಟ್ಟು ಮುರಿಯುವುದು ಯುಗಾಂತ್ಯದ ಲಕ್ಷಣ. ಕನ್ನಡದ ಕಾಲಜ್ಞಾನಗಳಲ್ಲಿ ಬೇರೆಯದೇ ಒಂದು ದನಿಯೂ ಇದೆ: ಹಾಳಾದ ನಾಡನ್ನು ಮತ್ತೆ ಕಟ್ಟಲು ವೀರವಸಂತರಾಯನೆಂಬ ಅರಸ ಬರುತ್ತಾನೆ ಎಂಬ ಕಾಯುವಿಕೆ. 1565ರಲ್ಲಿ ವಿಜಯನಗರ ಸೋತು ಹಾಳಾದುದನ್ನು ನೆನೆದರೆ ಆ ಕಾಯುವಿಕೆಯ ತೀವ್ರತೆ ತಿಳಿಯುತ್ತದೆ. ಮೊದಲನೆಯದನ್ನು ಪೂರ್ತಿ ಹೇಳಿ ಎರಡನೆಯದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ನಾನು ಮಾತನಾಡಿಸಿದವರಲ್ಲಿ ಹೆಚ್ಚಿನವರಿಗೆ ಕಟ್ಟು ಮುರಿಯುವ ಭಯವಿತ್ತು. ಬೇರೆ ಏನಾದರೂ ಬರಲಿ ಎಂದು ಕಾಯುವವರನ್ನು ನಾನು ಮಾತನಾಡಿಸಿಯೇ ಇರಲಿಲ್ಲ.

ಕೊಡೇಕಲ್ ಕಡೆಯ ಒಂದು ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕೂಲಿಯ ಅವ್ವನಿಗೆ ನಿರೂಪಕರು ಓದಿದ್ದ ಆ ಕಲಿಯುಗದ ಸಾಲನ್ನು ಓದಿ ಹೇಳಿದೆ. ಕುರ್ಚಿಗೆಯನ್ನು ಮಣ್ಣಿಗೆ ಊರಿ ನಿಂತು ಕೇಳಿದರು. “ಕೀಳು ಮೇಲಾದರೆ ನಮಗೆ ಅದು ಹೇಗೆ ಕೇಡು?” ಎಂದರು. ಮತ್ತೆ ಬಗ್ಗಿ ಕೆಲಸ ಹಿಡಿದರು. ಆ ಪ್ರಶ್ನೆಯನ್ನು ನಿರೂಪಕರ ಸಾಲಿನ ಬೆನ್ನಿಗೇ ಇಟ್ಟೆವು. ನಡುವೆ ಸಂಗೀತವಿಲ್ಲ, ಹೊಲದ ಸದ್ದು ಮಾತ್ರ.

ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಒಂದು ಮಾತು: ಲೆಕ್ಕದ ಆ ಹಾಳೆಯನ್ನು ಚಿತ್ರೀಕರಣಕ್ಕೆ ಮೊದಲೇ ಬರೆದುಕೊಳ್ಳಿ. ಸಂಕಲನದ ಮೇಜಿನಲ್ಲಿ ಕುಳಿತು ತಿದ್ದಲು ಹೋದರೆ ತಂದಿರುವ ದೃಶ್ಯಗಳಷ್ಟೇ ಕೈಯಲ್ಲಿರುತ್ತವೆ. ನಾವು ಮತ್ತೆ ಎರಡು ಸಲ ಯಾದಗಿರಿಗೆ ಹೋಗಬೇಕಾಯಿತು. ಇದ್ದ ಹಣವೆಲ್ಲ ಅದಕ್ಕೇ ಮುಗಿಯಿತು.

ಮುಂದಿನ ಭಾಗ ಮೈಲಾರದ ಜಾತ್ರೆಯಲ್ಲಿ ನುಡಿಯುವ ಭವಿಷ್ಯವಾಣಿ, ಕಾರ್ಣಿಕದ್ದು. ಬಿಲ್ಲೇರಿದ ಗೊರವಯ್ಯ, ಮೈಲಾರಲಿಂಗನ ಭಕ್ತ, “ಸದ್ದಲೇ” ಎಂದು ಕೂಗಿ ಆಡುವ ಒಂದೇ ಸಾಲನ್ನು ಎಲ್ಲ ಕ್ಯಾಮೆರಾಗಳೂ ಹಿಡಿಯುತ್ತವೆ. ನಮ್ಮ ಎರಡನೆಯ ಕ್ಯಾಮೆರಾ ಮಾತ್ರ ಜನಸಂದಣಿಯ ಹಿಂದೆ, ಚಕ್ಕಡಿಗಳ ಪಕ್ಕದಲ್ಲಿ ಅಡುಗೆಗೆ ಒಲೆ ಹೂಡಿದ ಹೆಂಗಸರ ಬಳಿ ಇರಲಿದೆ. ಆ ಸಾಲು ಬಾಯಿಂದ ಬಾಯಿಗೆ ದಾಟಿ ಅವರ ತನಕ ಹೇಗೆ ಬರುತ್ತದೆ, ಅದನ್ನು ಅವರು ಏನೆಂದು ಬಿಡಿಸುತ್ತಾರೆ ಎಂದು ನಾನು ಕೇಳಬೇಕಿದೆ.