ನಾಳೆ ಬೆಳಿಗ್ಗೆಯ ಆರೇಳು ಸಾಲು

ಬೆಳಗಿನ ಜಾವ ಫೋನ್ ಬಡಿದುಕೊಂಡರೆ ನಾನು ಮಾತಿಗೆ ಮೊದಲು ಪೆನ್ನಿಗೆ ಕೈ ಹಾಕುತ್ತೇನೆ. ಆ ಹೊತ್ತಿನ ಕರೆ ಹೆಚ್ಚಾಗಿ ಸಾವಿನದೇ. ಆ ಕಡೆಯವರ ಗಂಟಲು ಕಟ್ಟಿರುತ್ತದೆ, ಹಿಂದಿನಿಂದ ಅಳು ಕೇಳಿಸುತ್ತಿರುತ್ತದೆ. ಆದರೂ ಕೇಳಬೇಕಾದ್ದನ್ನು ಕೇಳಲೇಬೇಕು. ಊರವರು ಅವರನ್ನು ಏನೆಂದು ಕರೆಯುತ್ತಿದ್ದರು? ದೇಹ ಆಸ್ಪತ್ರೆಯಲ್ಲಿದೆಯೋ, ಮನೆಗೆ ಬಂತೋ? ಸಂಸ್ಕಾರ ತೋಟದಲ್ಲೋ, ರುದ್ರಭೂಮಿಯಲ್ಲೋ? ಬೆಂಗಳೂರಿನಿಂದ ಮಕ್ಕಳು ಬರಬೇಕೇ? ಬರಬೇಕೆಂದರೆ ತಾಳಗುಪ್ಪದ ರಾತ್ರಿ ರೈಲಿಗೆ ಹತ್ತಿದ್ದಾರೋ, ಕಾರಿನಲ್ಲಿ ಹೊರಟಿದ್ದಾರೋ? ಈ ಕೊನೆಯ ಪ್ರಶ್ನೆಯ ಉತ್ತರದ ಮೇಲೆಯೇ ಸಂಸ್ಕಾರದ ಹೊತ್ತು ನಿಂತಿರುತ್ತದೆ. ಆ ಹೊತ್ತು ಖಚಿತವಾಗದೆ ನನ್ನ ಸುದ್ದಿ ಹಲಗೆಯಲ್ಲಿ ನಾನು ಬರೆದ ಸಾಲು ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಬಸ್ ನಿಲ್ದಾಣದಿಂದ ಪೇಟೆಯ ಕಡೆ ನಡೆಯುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಹದಿನೈದು ವರ್ಷಗಳಿಂದ ಅದರ ಜಗುಲಿಯ ಮೇಲೆ ಕಪ್ಪು ಹಲಗೆಯೊಂದನ್ನು ನಿಲ್ಲಿಸಿ ದಿನವೂ ಊರಿನ ಸುದ್ದಿ ಬರೆಯುತ್ತಿದ್ದೇನೆ. ಇದು ಯೋಚಿಸಿ ಶುರುಮಾಡಿದ ಕೆಲಸವಲ್ಲ. ಸಣ್ಣ ಊರಿನಲ್ಲಿ ಜೆರಾಕ್ಸ್ ಯಂತ್ರದ ಮುಂದೆ ಹಾದುಹೋಗದ ಸಂಗತಿ ಇಲ್ಲ. ವೈಕುಂಠ ಸಮಾರಾಧನೆಯ ಪತ್ರ, ತಾಳಮದ್ದಲೆಯ ಕರಪತ್ರ, ಸಹಕಾರ ಸಂಘದ ಸರ್ವಸದಸ್ಯರ ಸಭೆಯ ನೋಟಿಸು, ಕಳೆದುಹೋದ ಎಮ್ಮೆಯ ವಿವರ, ಎಲ್ಲವೂ ನಕಲು ಆಗಲು ನನ್ನಲ್ಲಿಗೇ ಬರುತ್ತಿದ್ದವು. ಹಳ್ಳಿಯಿಂದ ಬಂದವರು ಚೀಲ ಕೆಳಗಿಟ್ಟು, ‘ಇವತ್ತೇನು ಸುದ್ದಿ’ ಎಂದು ಕೇಳುತ್ತಿದ್ದರು. ಹತ್ತು ಜನರಿಗೆ ಹತ್ತು ಸಲ ಹೇಳುವ ಬದಲು ಹಲಗೆಯ ಮೇಲೆ ಬರೆದೆ.

ಬರೆಯತೊಡಗಿದ ಮೇಲೆ ತಿಳಿದದ್ದು, ಊರಿನ ಸುದ್ದಿಗೂ ಪತ್ರಿಕೆಯ ಸುದ್ದಿಗೂ ಇರುವ ವ್ಯತ್ಯಾಸ. ಪತ್ರಿಕೆಯಲ್ಲಿ ಓದಿದ್ದನ್ನು ಜನ ಮಾತನಾಡಿ ಮರೆಯುತ್ತಾರೆ. ಹಲಗೆಯಲ್ಲಿ ಓದಿದ್ದನ್ನು ನಂಬಿ ಮನೆಯಿಂದ ಹೊರಡುತ್ತಾರೆ. ಒಬ್ಬರು ಕೂಲಿ ಬಿಡುತ್ತಾರೆ, ಇನ್ನೊಬ್ಬರು ಅಡಿಕೆ ಮೂಟೆ ಹೇರುತ್ತಾರೆ, ಮತ್ತೊಬ್ಬರು ಮಗುವನ್ನು ಶಾಲೆಗೆ ಕಳಿಸದೆ ನಿಲ್ಲಿಸುತ್ತಾರೆ. ಆದ್ದರಿಂದ ನಾಳೆ ಬೆಳಿಗ್ಗೆ ಯಾರಾದರೂ ಇದನ್ನು ನೋಡಿ ಏನನ್ನಾದರೂ ಮಾಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಇಲ್ಲವೆಂದಾದರೆ ಅದಕ್ಕೆ ಹಲಗೆಯಲ್ಲಿ ಜಾಗವಿಲ್ಲ. ಹುಟ್ಟುಹಬ್ಬದ ಶುಭಾಶಯ, ನಾಯಕರ ಹೇಳಿಕೆ, ಎಲ್ಲಿಯದೋ ಅಪಘಾತದ ಚಿತ್ರ ಇವೆಲ್ಲ ಹಾಗೆಯೇ ಉದುರಿಹೋದವು. ಆರೇಳು ಸಾಲು ಉಳಿಯಿತು.

ನಿಧನ ವಾರ್ತೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಶುರುವಿನ ವರ್ಷಗಳಲ್ಲಿ ಒಬ್ಬ ನಿವೃತ್ತ ಶಿಕ್ಷಕರು ತೀರಿಕೊಂಡರು. ಮನೆಯವರು ದಾಖಲೆಯಲ್ಲಿದ್ದ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ ಬರೆಸಿದರು. ನಾನೂ ದುಂಡಾಗಿ ಬರೆದೆ. ದಿನವಿಡೀ ಜನ ಹಲಗೆ ಓದಿ ಮುಂದೆ ಹೋದರು. ನಾಲ್ಕನೆಯ ದಿನ ಐವತ್ತರ ಆಸುಪಾಸಿನ ಒಬ್ಬರು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. ‘ಹಾರ್ಮೋನಿಯಂ ಮೇಷ್ಟ್ರು ಎಂದು ಒಂದು ಮಾತು ಬರೆಯಬಾರದಿತ್ತೇ? ಅವತ್ತು ಈ ಹಲಗೆಯ ಮುಂದೆಯೇ ನಿಂತು ಬಸ್ಸಿಗೆ ಕಾದಿದ್ದೇನೆ. ಅವರ ಮನೆ ಇಲ್ಲಿಂದ ಹತ್ತು ನಿಮಿಷದ ದಾರಿ’ ಎಂದರು. ಅವರಿಗೆ ಪಾಠದ ಜೊತೆ ಹಾಡು ಕಲಿಸಿದವರು ಆ ಮೇಷ್ಟ್ರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಊರು ಕರೆಯುವ ಹೆಸರು ಮೊದಲು ಬರುತ್ತದೆ, ದೊಡ್ಡ ಅಕ್ಷರದಲ್ಲಿ. ದಾಖಲೆಯ ಹೆಸರು ಅದರ ಕೆಳಗೆ. ಮಲೆನಾಡಿನಲ್ಲಿ ಮನುಷ್ಯನನ್ನು ಗುರುತಿಸುವುದು ಮನೆಯಿಂದ, ಕೇರಿಯಿಂದ, ಮಾಡಿದ ಕೆಲಸದಿಂದ: ಮೇಲಿನಮನೆ, ಹೊಳೆಯಾಚೆ, ಗಿರಣಿ, ಕಂಪೌಂಡರು. ಅಡ್ಡಹೆಸರಿನಿಂದ ಮನೆಯವರಿಗೆ ಮುಜುಗರವಾಗುವಂತಿದ್ದರೆ ಮಾತ್ರ ಕೇಳಿಕೊಂಡು ಬಿಡುತ್ತೇನೆ.

ಎರಡನೆಯ ಪಾಠ ಮಳೆಗಾಲದ್ದು. ಜುಲೈನಲ್ಲಿ ಮೂರು ದಿನ ಬಿಡದೆ ಹೊಯ್ದರೆ ಸಂಜೆ ಏಳರಿಂದ ಒಂದೇ ಪ್ರಶ್ನೆ: ನಾಳೆ ಶಾಲೆಗೆ ರಜೆಯೇ? ಇಂಥ ಒಂದು ರಾತ್ರಿ ಮೊಹರು, ಸಹಿ ಎಲ್ಲವೂ ಇದ್ದ ರಜೆ ಆದೇಶದ ಚಿತ್ರ ಮೊಬೈಲಿಗೆ ಬಂತು. ಕಳಿಸಿದವರು ನಂಬಿಕಸ್ಥರು. ತಾರೀಖು ಮರುದಿನದ್ದೇ. ನನ್ನ ವಾಟ್ಸಾಪ್ ಪಟ್ಟಿಯವರಿಗೆಲ್ಲ ಕಳಿಸಿಬಿಟ್ಟೆ. ಅದು ಹಿಂದಿನ ವರ್ಷದ ಆದೇಶ. ಯಾರೋ ವರ್ಷದ ಕೊನೆಯ ಅಂಕಿಯನ್ನು ತಿದ್ದಿದ್ದರು, ಪಕ್ಕದಲ್ಲಿದ್ದ ವಾರದ ಹೆಸರನ್ನು ತಿದ್ದಿರಲಿಲ್ಲ. ಅದನ್ನು ಕ್ಯಾಲೆಂಡರಿನ ಮೇಲೆ ಹಿಡಿದು ನೋಡಿದ್ದರೆ ಅರೆ ನಿಮಿಷದಲ್ಲಿ ಸುಳ್ಳು ಗೊತ್ತಾಗುತ್ತಿತ್ತು. ಬೆಳಿಗ್ಗೆ ಶಾಲೆಯ ಗಂಟೆ ಬಾರಿಸಿದಾಗ ಎಷ್ಟೋ ಮಕ್ಕಳು ಮನೆಯಲ್ಲಿದ್ದರು. ಒಬ್ಬ ತಾಯಿ, ಮಗುವನ್ನು ನೋಡಿಕೊಳ್ಳಲು ಆ ದಿನದ ಕೂಲಿ ಬಿಟ್ಟವರು, ಸಿಟ್ಟು ಮಾಡಲಿಲ್ಲ. ‘ನೀವು ಬರೆದಿದ್ದಿರಲ್ಲ, ಅದಕ್ಕೇ’ ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಅಂದು ಹಲಗೆಯ ಮೊದಲ ಸಾಲಿನಲ್ಲಿ, ಉಳಿದ ಸುದ್ದಿಗಳಷ್ಟೇ ದೊಡ್ಡ ಅಕ್ಷರದಲ್ಲಿ, ‘ನಿನ್ನೆ ರಾತ್ರಿ ನಾನು ಕಳಿಸಿದ ರಜೆಯ ಸುದ್ದಿ ತಪ್ಪು’ ಎಂದು ಬರೆದು ಎರಡು ದಿನ ಹಾಗೆಯೇ ಬಿಟ್ಟೆ. ಈಗ ರಜೆಯ ಆದೇಶ ಯಾರಿಂದಲೇ ಬರಲಿ, ವಾರ ಮತ್ತು ತಾರೀಖು ಹೊಂದುತ್ತವೆಯೇ ಎಂದು ನೋಡುತ್ತೇನೆ. ಆದೇಶ ಇಡೀ ಜಿಲ್ಲೆಗೋ, ನಮ್ಮ ತಾಲ್ಲೂಕಿಗೋ, ಪ್ರೌಢಶಾಲೆಯವರೆಗೋ, ಪದವಿಪೂರ್ವ ಕಾಲೇಜಿಗೂ ಸೇರಿಯೋ ಎಂದು ಪೂರ್ತಿ ಓದುತ್ತೇನೆ. ಆಮೇಲೆ ಇಬ್ಬರು ಮುಖ್ಯೋಪಾಧ್ಯಾಯರಿಗೆ ಬೇರೆ ಬೇರೆಯಾಗಿ ಕರೆ ಮಾಡುತ್ತೇನೆ. ಇಬ್ಬರೂ ಹೌದೆಂದರೆ ಮಾತ್ರ ಸಾಲು ಹೊರಡುತ್ತದೆ. ಇದರಿಂದ ನನ್ನ ಸುದ್ದಿ ಊರಿನಲ್ಲಿ ಎಲ್ಲರಿಗಿಂತ ಇಪ್ಪತ್ತು ನಿಮಿಷ ತಡ. ಆ ಇಪ್ಪತ್ತು ನಿಮಿಷಕ್ಕಾಗಿಯೇ ಜನ ನನ್ನ ಸಾಲಿಗೆ ಕಾಯುತ್ತಾರೆ ಎಂಬುದು ನನ್ನ ನಂಬಿಕೆ.

ಸರ್ಕಾರಿ ಪ್ರಕಟಣೆಗಳನ್ನು ನಾನು ಹಾಗೆಯೇ ನಕಲು ಮಾಡುವುದಿಲ್ಲ. ‘ಉಪಕೇಂದ್ರದಲ್ಲಿ ತುರ್ತು ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವುದರಿಂದ ಸದರಿ ಕೇಂದ್ರದಿಂದ ಹೊರಹೊಮ್ಮುವ ಮಾರ್ಗಗಳಲ್ಲಿ ವಿದ್ಯುತ್ ವ್ಯತ್ಯಯವಾಗಲಿದ್ದು ಗ್ರಾಹಕರು ಸಹಕರಿಸಬೇಕಾಗಿ ಕೋರಲಾಗಿದೆ’ ಎಂಬುದು ನನ್ನ ಹಲಗೆಯಲ್ಲಿ ‘ನಾಳೆ ಗುರುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇಲ್ಲ. ರಾತ್ರಿಯೇ ಟ್ಯಾಂಕ್ ತುಂಬಿಸಿಕೊಳ್ಳಿ. ಗಿರಣಿಗೆ ಇಂದೇ ಹೋಗಿ’ ಎಂದಾಗುತ್ತದೆ. ಮಾರ್ಗದ ಹೆಸರು ಜನರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಯಾವ ಯಾವ ಬಡಾವಣೆ, ಯಾವ ಹಳ್ಳಿ ಎಂದು ಲೈನ್‌ಮನ್ ಒಬ್ಬರನ್ನು ಕೇಳಿ ಬಿಡಿಸಿ ಬರೆಯುತ್ತೇನೆ.

ಅಡಿಕೆ ಧಾರಣೆ ವಾರದಲ್ಲಿ ಆರು ದಿನವೂ ಇರುತ್ತದೆ. ರಾಶಿ, ಚಾಲಿ, ಬಿಳಿಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕ ಹೀಗೆ ಅಡಿಕೆಯ ಒಂದೊಂದು ಬಗೆಗೂ ಒಂದೊಂದು ದರ. ಮೊದಲೆಲ್ಲ ಕ್ವಿಂಟಾಲಿನ ಗರಿಷ್ಠ ದರವೊಂದನ್ನೇ ಬರೆಯುತ್ತಿದ್ದೆ, ಎಲ್ಲರೂ ಕೇಳುವುದು ಅದನ್ನೇ. ಅದನ್ನು ನೋಡಿ ಗಾಡಿ ಮಾಡಿಕೊಂಡು ಬಂದವರಿಗೆ ಸಿಗುತ್ತಿದ್ದುದು ಬೇರೆ. ಗರಿಷ್ಠ ಎಂಬುದು ಒಂದೆರಡು ಚೀಲ ಆಯ್ದ ಮಾಲಿಗೆ ಬಿದ್ದ ದರವೂ ಆಗಿರಬಹುದು. ಹೆಚ್ಚಿನ ಮಾಲು ಮಾರಾಟವಾದದ್ದು ಮಾದರಿ ದರಕ್ಕೆ. ಈಗ ಮಾದರಿ ದರವನ್ನು ಮೊದಲು ಬರೆದು ಕನಿಷ್ಠ, ಗರಿಷ್ಠಗಳನ್ನು ಪಕ್ಕದಲ್ಲಿ ಚಿಕ್ಕದಾಗಿ ಇಡುತ್ತೇನೆ. ಮಳೆಗಾಲದಲ್ಲಿ ಇದರ ಜೊತೆಗೆ ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟವೂ ಸೇರುತ್ತದೆ. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದರ ಹತ್ತಿರ ಬಂದಂತೆಲ್ಲ ಕೆಳದಂಡೆಯವರು ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ.

ನನ್ನ ಕೈ ನಡುಗಿದ್ದು 2018ರ ಕೊನೆಗೆ, ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ, ಉಣುಗು ಎಂಬ ಹುಳ ಕಚ್ಚಿ ಬರುವ ಮಂಗನ ಕಾಯಿಲೆ ಹಬ್ಬಿದಾಗ. ಈ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಆದರೆ ಆ ಚಳಿಗಾಲದಲ್ಲಿ ಪೇಟೆಯ ತುಂಬ ಸತ್ತವರ ಲೆಕ್ಕವೇ ಓಡಾಡುತ್ತಿತ್ತು, ಬಾಯಿಂದ ಬಾಯಿಗೆ ಹೆಚ್ಚುತ್ತ. ಜನ ಹಲಗೆಯಲ್ಲೂ ಅದನ್ನೇ ಹುಡುಕುತ್ತಿದ್ದರು. ನಾನು ಲೆಕ್ಕ ಬರೆಯಲಿಲ್ಲ. ಇಂದು ಯಾವ ಊರಿನಲ್ಲಿ ಲಸಿಕೆ ಹಾಕುತ್ತಾರೆ, ಎಷ್ಟು ಹೊತ್ತಿಗೆ, ಅಲ್ಲಿ ಮೊದಲ ಸುತ್ತು ಹಾಕಿಸಿಕೊಂಡವರು ತಿಂಗಳ ನಂತರ ಎರಡನೆಯದಕ್ಕೆ ಯಾವ ದಿನ ಬರಬೇಕು ಎಂದು ಬರೆದೆ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ದರಗಿಗೆ (ಒಣ ಎಲೆಗೆ), ಸೊಪ್ಪಿಗೆ ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡಿಎಂಪಿ ತೈಲ ಹಚ್ಚಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ, ಮೈಯಲ್ಲಿ ಉಣುಗು ಇದೆಯೇ ನೋಡಿಕೊಳ್ಳಿ. ಇಷ್ಟನ್ನೇ ಎರಡು ತಿಂಗಳು ಅಳಿಸದೆ ಇಟ್ಟೆ. ಅಂಜಿಕೆಯಲ್ಲಿರುವವರಿಗೆ ಮಾಡಲು ಒಂದು ಕೆಲಸ ಬೇಕು. ಅಂಕಿಯನ್ನು ಹಿಡಿದುಕೊಂಡು ಅವರೇನು ಮಾಡಬೇಕು?

2020ರ ಮಾರ್ಚ್‌ನಲ್ಲಿ ಊರು ಮುಚ್ಚಿದಾಗ ಹಲಗೆ ಓದಲು ರಸ್ತೆಯಲ್ಲಿ ಜನರೇ ಇರಲಿಲ್ಲ. ಆಗ ವಾಟ್ಸಾಪ್ ಹಿಡಿದೆ. ಮೊದಲು ಗುಂಪು ಮಾಡಿದೆ. ಶುಭೋದಯ, ಕೈಮುಗಿದ ಚಿತ್ರ, ವಾದಗಳ ನಡುವೆ ದಿನಸಿ ಅಂಗಡಿ ತೆರೆಯುವ ಹೊತ್ತು ಮುಳುಗಿಹೋಯಿತು. ವಾರದೊಳಗೆ ಅದನ್ನು ಮುಚ್ಚಿ, ನಾನು ಕಳಿಸಿದ್ದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿಗೆ ಬಂದೆ. ಒಂದು ಪಟ್ಟಿಗೆ 256 ಜನ, ಅದೂ ನನ್ನ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಈ ನಿಯಮವೇ ನನಗೆ ಅನುಕೂಲವಾಯಿತು. ಬೇಕೆಂದವರು ಬಂದರು. ಇಂದು ನಾಲ್ಕು ಪಟ್ಟಿಗಳಿವೆ. ರಾತ್ರಿ ಒಂಬತ್ತಕ್ಕೆ ಒಂದು ಸಂದೇಶ, ಬೆಳಿಗ್ಗೆ ಆರೂವರೆಗೆ ಇನ್ನೊಂದು. ನಡುವೆ ಸಾವು ಅಥವಾ ರಕ್ತದ ತುರ್ತು ಬಿಟ್ಟರೆ ಏನನ್ನೂ ಕಳಿಸುವುದಿಲ್ಲ. ರಕ್ತ ಬೇಕೆಂಬ ಸಾಲಿನಲ್ಲಿ ಗುಂಪು, ಆಸ್ಪತ್ರೆ, ತಾರೀಖು ಕಡ್ಡಾಯ. ರಕ್ತ ಸಿಕ್ಕ ಕೂಡಲೇ ‘ಸಿಕ್ಕಿದೆ, ಇನ್ನು ಯಾರೂ ಹೊರಡಬೇಡಿ’ ಎಂಬುದೂ ಅಷ್ಟೇ ಬೇಗ ಹೋಗಬೇಕು. ತಾರೀಖಿಲ್ಲದ ಇಂಥ ಮನವಿಗಳು ವರ್ಷಗಟ್ಟಲೆ ಸುತ್ತುವುದನ್ನು ನೋಡಿದ್ದೇನೆ. ಕೊನೆಗೆ ನಿಜವಾಗಿ ಬೇಕಾದಾಗ ಯಾರೂ ಏಳುವುದಿಲ್ಲ.

ಹಲಗೆಯನ್ನು ಮಾತ್ರ ಬಿಟ್ಟಿಲ್ಲ. ಅದನ್ನು ತಿದ್ದಿ ಬೇರೆಯವರಿಗೆ ಕಳಿಸಲು ಬರುವುದಿಲ್ಲ, ಓದಲು ಮೊಬೈಲ್ ಬೇಡ. ಬೆಳಗಿನ ಬಸ್ಸಿನ ಕಂಡಕ್ಟರ್ ಒಬ್ಬರು ಹೊರಡುವ ಮೊದಲು ಹಲಗೆಯ ಮುಂದೆ ಎರಡು ನಿಮಿಷ ನಿಂತು, ಬೇಕಾದ್ದನ್ನು ಟಿಕೆಟ್ ಚೀಲದೊಳಗಿನ ಚೀಟಿಯಲ್ಲಿ ಗುರುತು ಹಾಕಿಕೊಂಡು, ದಾರಿಯುದ್ದಕ್ಕೂ ನಿಲುಗಡೆಗಳಲ್ಲಿ ಹೇಳುತ್ತ ಹೋಗುತ್ತಾರೆ. ನಮ್ಮ ಮಳೆಗೆ ಸೀಮೆಸುಣ್ಣ ನಿಲ್ಲುವುದಿಲ್ಲ. ಸಕ್ಕರೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿಟ್ಟು ಹಸಿಯಾಗಿರುವಾಗಲೇ ಬರೆದರೆ ಅಕ್ಷರ ದಪ್ಪವಾಗಿ ಹಿಡಿಯುತ್ತದೆ, ಕೈ ತಗುಲಿದರೂ ಸುಲಭಕ್ಕೆ ಅಳಿಸದು. ಓರೆ ಮಳೆಗೆ ಹಲಗೆಯ ಮುಂದೆ ಪ್ಲಾಸ್ಟಿಕ್ ಹಾಳೆ ಇಳಿಬಿಡುತ್ತೇನೆ. ಅಳಿಸಲು ಒದ್ದೆ ಬಟ್ಟೆ ಬೇಕು.

ಹಣದ ವಿಷಯ ಚಿಕ್ಕದು. ಯಾವ ಸಾಲಿಗೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೊಸ ಅಂಗಡಿ, ನಿವೇಶನ ಮಾರಾಟ, ದುಡ್ಡು ದುಪ್ಪಟ್ಟು ಮಾಡುವ ಯೋಜನೆ ಎಂದು ಬಂದವರನ್ನು ಕೈಮುಗಿದು ಕಳಿಸಿದ್ದೇನೆ. ಸಾವಿನ ಸಾಲಿನ ಪಕ್ಕದಲ್ಲಿ ಅವನ್ನು ಬರೆಯಲು ಮನಸ್ಸು ಬರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಂತೂ ಒತ್ತಾಯ ಹೆಚ್ಚು. ಆ ದಿನಗಳಲ್ಲಿ ನನ್ನ ಹಲಗೆಯ ಅರ್ಧ ಭಾಗ ತಪ್ಪಿಸಿಕೊಂಡ ಮಕ್ಕಳಿಗೂ ವೃದ್ಧರಿಗೂ ಮೀಸಲು. ಮಗು ಸಿಕ್ಕ ಮೇಲೆ ಹೆಸರನ್ನು ಪೂರ್ತಿ ಅಳಿಸುತ್ತೇನೆ, ಮೇಲೆ ಗೀಟು ಎಳೆದು ಬಿಡುವುದಿಲ್ಲ.

ಹಲಗೆಯ ಎಡ ಕೆಳಮೂಲೆ ವರ್ಷಗಳ ಕಾಲ ಹಿನ್ನೀರು ದಾಟಿಸುವ ಲಾಂಚಿನದಾಗಿತ್ತು. ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟದೆ ತುಮರಿಯ ಕಡೆಯವರು ಮನೆ ಸೇರುವಂತಿರಲಿಲ್ಲ. ಬೇಸಿಗೆಯ ಕೊನೆಗೆ ನೀರು ಇಳಿದರೆ ‘ವಾಹನ ಹತ್ತಿಸುವುದಿಲ್ಲ, ಜನ ಮಾತ್ರ’ ಎಂದು ಬರೆಯಬೇಕಾಗುತ್ತಿತ್ತು. ಗಾಳಿ ಜೋರಾದರೆ ಅದೂ ಇಲ್ಲ. ಸಂಜೆಯ ಕೊನೆಯ ಲಾಂಚು ತಪ್ಪಿದವರು ಪೇಟೆಯಲ್ಲೇ ನೆಂಟರ ಮನೆ ಹುಡುಕಬೇಕು. ಬಾಣಂತಿಯನ್ನು ಕರೆದೊಯ್ಯುವವರು, ಹೆಣ ಸಾಗಿಸುವವರು ಆ ಒಂದು ಸಾಲನ್ನು ಓದಿ ಮುಂದಿನದನ್ನು ನಿರ್ಧರಿಸುತ್ತಿದ್ದರು. 2025ರ ಜುಲೈ 14ರಂದು ಆ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆ ಸಂಜೆ ಒದ್ದೆ ಬಟ್ಟೆ ಹಿಡಿದು ಆ ಮೂಲೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಅಳಿಸಿದೆ. ಸಕ್ಕರೆ ನೀರಿನ ಸುಣ್ಣ, ಹಲವು ವರ್ಷ ಅಲ್ಲೇ ಬರೆದದ್ದು, ಮಸುಕಾಗಿ ಇನ್ನೂ ಕಾಣಿಸುತ್ತದೆ. ಅದರ ಮೇಲೆಯೇ ಈಗ ಆ ಕಡೆಯ ಬಸ್ಸುಗಳ ಹೊತ್ತು ಬರೆಯುತ್ತಿದ್ದೇನೆ.